ಕಲ್ಲಿದ್ದಲು ಸ್ಥಾವರ ಕೆಡವುವಾಗ ಮಳೆನೀರಿನ ಬಗ್ಗೆ ಏನೇನು ಕೇಳಬೇಕು

ನಮಸ್ಕಾರ ಅಣ್ಣಾ. ನಿಮ್ಮ ಹೊಲದ ಮೇಲ್ಗಡೆ ಇರುವ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತಿದೆ, ಇನ್ನು ಕೆಡವಲು ಶುರು ಮಾಡುತ್ತಾರೆ, ಮಳೆ ಬಂದಾಗ ಅಲ್ಲಿಂದ ಹರಿದು ಬರುವ ನೀರಿನ ಬಗ್ಗೆ ಸಭೆಯಲ್ಲಿ ಏನು ಕೇಳಬೇಕು ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಒಬ್ಬರು "ಸ್ಥಾವರವೇ ನಿಂತ ಮೇಲೆ ಇನ್ನೇನು ತೊಂದರೆ" ಅಂದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನೀರಿನ ವಿಷಯದಲ್ಲಿ ಕೆಡವುವ ಕಾಲವೇ ಜಾಸ್ತಿ ಎಚ್ಚರ ಬೇಡುವ ಕಾಲ.

ಸ್ಥಾವರ ನಡೆಯುವಾಗ ಕೊಳಕು ನೀರಿಗೆ ಹೋಗಲು ಒಂದು ಜಾಗ ಇರುತ್ತದೆ. ಕಲ್ಲಿದ್ದಲು ಯಾರ್ಡಿನ ನೀರು, ನೆಲ ತೊಳೆದ ನೀರು ಎಲ್ಲ ಪಂಪಿನ ಮೂಲಕ ಬೂದಿ ಹೊಂಡಕ್ಕೋ (ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನ ಜೊತೆ ತುಂಬಿಡುವ ಹೊಂಡ) ಶುದ್ಧೀಕರಣ ಘಟಕಕ್ಕೋ ಸೇರುತ್ತದೆ. ಕೆಡವಲು ಶುರು ಮಾಡಿದ ಮೇಲೆ ಪಂಪಿಗೆ ಕರೆಂಟ್ ಇರುವುದಿಲ್ಲ, ಘಟಕ ಬಿಚ್ಚುತ್ತಾರೆ, ಹೊಂಡ ಮುಚ್ಚುತ್ತಾರೆ. ಮಳೆ ಮಾತ್ರ ಎಂದಿನಂತೆ ಬರುತ್ತದೆ. ಅದಕ್ಕೇ ಮೊದಲ ಪ್ರಶ್ನೆ ಇದು: ಯಾವುದನ್ನು ಯಾವ ಕ್ರಮದಲ್ಲಿ ತೆಗೆಯುತ್ತೀರಿ? ಕೊಳಕು ಜಾಗ ಪೂರ್ತಿ ಸ್ವಚ್ಛವಾಗುವ ತನಕ ಶುದ್ಧೀಕರಣ ಘಟಕ ಮತ್ತು ಪಂಪ್ ಇರಲೇಬೇಕು. ಅವು ಕೊನೆಗೆ ಹೋಗಬೇಕು. ಬಿಚ್ಚಲೇಬೇಕು ಅಂದರೆ ತಾತ್ಕಾಲಿಕ ಘಟಕ ತಂದು, ನಡೆಸಿ ತೋರಿಸಿದ ಮೇಲೆ ಬಿಚ್ಚಲಿ.

ನೀರಿನ ಪ್ರಮಾಣ ಎಷ್ಟು ಅಂತ ಒಂದು ಲೆಕ್ಕ ನೋಡಿ. ಒಂದು ಎಕರೆ ಗಟ್ಟಿ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಅಮೆರಿಕದ ಪರಿಸರ ಸಂಸ್ಥೆಯ ನಿರ್ಮಾಣ ಪರವಾನಗಿಯಲ್ಲಿ ಹೂಳು ತಡೆಯುವ ಹೊಂಡಕ್ಕೆ ಎಕರೆಗೆ 3,600 ಘನ ಅಡಿ, ಅಂದರೆ ಸುಮಾರು 1 ಲಕ್ಷ ಲೀಟರ್ ಹಿಡಿಯುವ ಜಾಗ ಒಂದು ಅಳತೆ. ಎಷ್ಟು ಎಕರೆಯ ನೀರು ಎಷ್ಟು ದೊಡ್ಡ ಹೊಂಡಕ್ಕೆ ಬರುತ್ತದೆ ಅಂತ ಕೇಳಿ, ನೀವೇ ಗುಣಿಸಿ ನೋಡಬಹುದು. ಹೊಂಡದ ನೀರು ಮೇಲ್ಪದರದಿಂದ ಹೊರಗೆ ಹೋಗಬೇಕು, ತಳದ ತೂಬಿನಿಂದ ಅಲ್ಲ. ಕೋಡಿ ಎಲ್ಲಿಗೆ ಬೀಳುತ್ತದೆ ಅನ್ನುವುದನ್ನೂ ಬಿಡಬೇಡಿ, ನಿಮ್ಮ ಹೊಲಕ್ಕೆ ಅದೇ ಮುಖ್ಯ. ಮೇಲಿನ ಗುಡ್ಡದ ಒಳ್ಳೆಯ ನೀರನ್ನು ಬದು ಕಟ್ಟಿ ಪಕ್ಕಕ್ಕೆ ತಿರುಗಿಸಿದರೆ ಕೊಳಕಾಗುವ ನೀರೇ ಕಡಿಮೆಯಾಗುತ್ತದೆ. ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.

ಇನ್ನು ನೆಲದಡಿಯ ಪೈಪುಗಳು. ನನಗೆ ಅತಿ ಹೆಚ್ಚು ಚಿಂತೆ ಇದರ ಬಗ್ಗೆಯೇ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡ್ಯಾನ್ ನದಿ ದಡದ ಕಲ್ಲಿದ್ದಲು ಸ್ಥಾವರ 2012ರಲ್ಲಿ ನಿಂತಿತ್ತು. ಅದರ ಬೂದಿ ಹೊಂಡದ ಅಡಿಯಲ್ಲಿ 48 ಇಂಚಿನ ಹಳೆಯ ಮಳೆನೀರಿನ ಪೈಪ್ ಇತ್ತು. 2014ರ ಫೆಬ್ರವರಿ 2ರಂದು ಅದು ಒಡೆದು, ಸುಮಾರು 39,000 ಟನ್ ವರೆಗೆ ಬೂದಿ ನದಿ ಸೇರಿತು. ಸ್ಥಾವರ ನಿಂತು ಎರಡು ವರ್ಷವಾಗುತ್ತಾ ಬಂದಿತ್ತು, ಗಮನಿಸಿ. ಹಾಗಾಗಿ ಹಳೆಯ ನಕ್ಷೆ ಒಂದನ್ನೇ ನಂಬಬಾರದು. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದೀರಾ, ಬಣ್ಣದ ನೀರು ಬಿಟ್ಟು ಎಲ್ಲಿ ಹೊರಬರುತ್ತದೆ ಪರೀಕ್ಷಿಸಿದ್ದೀರಾ, ಬಳಕೆಯಲ್ಲಿ ಇಲ್ಲದ ಪೈಪ್ ಮತ್ತು ಯಂತ್ರ ತಂಪು ಮಾಡುವ ನೀರಿನ ಸುರಂಗವನ್ನು ಕೆಡವುವ ಮೊದಲೇ ಕಾಂಕ್ರೀಟ್ ತುಂಬಿ ಮುಚ್ಚುತ್ತೀರಾ ಎಂದು ಬಿಡದೆ ಕೇಳಿ.

ಬೂದಿ ಹೊಂಡ ಖಾಲಿ ಮಾಡುವುದಕ್ಕೂ ಒಂದು ವೇಗ ಇದೆ. ನೀರನ್ನು ಗಡಿಬಿಡಿಯಲ್ಲಿ ಇಳಿಸಿದರೆ ಏರಿಯ ಒಳಗಿನ ನೀರು ಹಾಗೇ ಉಳಿದು, ಒಳಮೈ ಕುಸಿಯಬಹುದು. ದಿನಕ್ಕೆ ಎಷ್ಟು ಇಳಿಸುತ್ತೀರಿ, ಏರಿಯನ್ನು ಯಾರು ನೋಡುತ್ತಾರೆ ಎಂದು ಕೇಳಿ.

ನೀರಲ್ಲಿ ಏನಿರುತ್ತದೆ ಎನ್ನುವುದು ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಲ್ಲಿದ್ದಲಿನಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ಗಾಳಿ, ನೀರು ಸೇರಿ ಗಂಧಕಾಮ್ಲ ಆಗುತ್ತದೆ. ಯಾರ್ಡಿನಿಂದ ಬರುವ ನೀರು ಹುಳಿಯಾಗಿ, ಕಬ್ಬಿಣ ಕರಗಿ, ಚರಂಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಪುಡಿ ಮಾಡಿದ ಕಾಂಕ್ರೀಟ್ ರಾಶಿಯ ಕಥೆ ಇದಕ್ಕೆ ತದ್ವಿರುದ್ಧ. ಅದರಿಂದ ಬಸಿದ ನೀರಿನ ಪಿಹೆಚ್ 11 ದಾಟಬಹುದು, ಅಂದರೆ ತೀರಾ ಕ್ಷಾರ. ಆ ರಾಶಿ ಹಳ್ಳದ ಪಕ್ಕ ಇರಲೇಬಾರದು. ಟ್ರಾನ್ಸ್‌ಫಾರ್ಮರ್ ಇದ್ದ ಕಡೆ ಎಣ್ಣೆ, ಹಳೆಯದಾದರೆ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಕೂಡ ಇರಬಹುದು. ಧೂಳು ಕೂರಿಸಲು ಹೊಡೆಯುವ ನೀರು, ನೆಲಮಾಳಿಗೆಯಲ್ಲಿ ನಿಂತ ಮಳೆನೀರು ಇವನ್ನೂ ಪರೀಕ್ಷೆ ಮಾಡದೆ ಸುಮ್ನೆ ಹೊರಗೆ ಪಂಪ್ ಮಾಡುವ ಹಾಗಿಲ್ಲ.

ಬೂದಿಯ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ತಿಳಿಯಾಗಿ ಕಂಡ ನೀರೆಲ್ಲ ಒಳ್ಳೆಯದಲ್ಲ. ಕಣ ಕೆಳಗೆ ಕೂರುತ್ತದೆ, ಕರಗಿದ ಆರ್ಸೆನಿಕ್, ಸೆಲೆನಿಯಂ, ಬೋರಾನ್ ಕೂರುವುದಿಲ್ಲ. 1970ರ ದಶಕದಲ್ಲಿ ನಾರ್ತ್ ಕೆರೊಲಿನಾದ ಬೆಲೂಸ್ ಕೆರೆಗೆ ಬೂದಿ ಹೊಂಡದ ನೀರು ಸೇರಿ, ಅದರ ಸೆಲೆನಿಯಂನಿಂದ 20 ಜಾತಿಯ ಮೀನುಗಳಲ್ಲಿ 19 ಇಲ್ಲವಾದವು. ನಮ್ಮಂಥ ಬೆಳೆಗಾರರಿಗೆ ಬೋರಾನ್ ಮೇಲೆ ಕಣ್ಣಿರಬೇಕು. ನೀರಾವರಿ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಸೂಕ್ಷ್ಮ ಬೆಳೆಗಳ ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ.

ಹೂಳು ತಡೆಯುವ ಬಟ್ಟೆ ಬೇಲಿ ತೋರಿಸಿ "ಎಲ್ಲ ವ್ಯವಸ್ಥೆ ಆಗಿದೆ" ಅಂದರೆ ಒಪ್ಪಬೇಡಿ. ಅದು ತೆಳುವಾಗಿ ಹರಡಿ ಬರುವ ನೀರಿಗೆ ಮಾತ್ರ. ಚರಂಡಿಗೆ ಅಡ್ಡ ಹಾಕಿದರೆ ಮೊದಲ ಜೋರು ಮಳೆಗೇ ಕಿತ್ತುಹೋಗುತ್ತದೆ. ನಿಜವಾಗಿ ಉಪಯೋಗಕ್ಕೆ ಬರುವುದು ಬಯಲಾದ ಮಣ್ಣನ್ನು ಬೇಗ ಮುಚ್ಚುವುದು. ಇಡೀ ಜಾಗ ಒಮ್ಮೆಗೇ ಅಗೆಯದೆ ತುಂಡು ತುಂಡಾಗಿ ಅಗೆದು, ಮುಗಿದ ಕಡೆ ಹುಲ್ಲು ಹಾಸಿ ಬೀಜ ಬಿತ್ತಬೇಕು. ಕಲ್ಲಿದ್ದಲು ಯಾರ್ಡಿನ ಮಣ್ಣು ಹುಳಿ ಇರಬಹುದು, ಪರೀಕ್ಷೆ ಮಾಡಿ ಹುಳಿ ಇದ್ದ ಕಡೆ ಸುಣ್ಣ ಹಾಕದಿದ್ದರೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಇದು ನಮಗೆ ಗೊತ್ತಿರುವ ಕೆಲಸವೇ ಅಲ್ವಾ, ಅವರಿಗೂ ಹೇಳಿ.

ಕೊನೆಯದಾಗಿ, ಕೆಡವಲು ಶುರು ಮಾಡುವ ಮುಂಚೆಯೇ ನಿಮ್ಮ ಬಾವಿ ಮತ್ತು ಹಳ್ಳದ ನೀರನ್ನು ಒಳ್ಳೆಯ ಲ್ಯಾಬಿಗೆ ಕೊಡಿ. ಪಿಹೆಚ್, ಇಸಿ (ನೀರಲ್ಲಿ ಕರಗಿದ ಲವಣದ ಅಳತೆ), ಸಲ್ಫೇಟ್, ಬೋರಾನ್, ಆರ್ಸೆನಿಕ್, ಸೆಲೆನಿಯಂ, ಕಬ್ಬಿಣ ಇಷ್ಟಿರಲಿ. ಈಗಿನ ವರದಿ ಇಲ್ಲದಿದ್ದರೆ ನಾಳೆ "ಇದು ಮೊದಲೇ ಇತ್ತು" ಅನ್ನುತ್ತಾರೆ. ಕೆಲಸ ಶುರುವಾದ ಮೇಲೆ ಜೋರು ಮಳೆಯ ಮೊದಲ ಅರ್ಧ ಗಂಟೆಯೊಳಗೆ ನೀರು ಹಿಡಿಯಿರಿ, ಆಗಲೇ ಕೊಳೆ ಜಾಸ್ತಿ. ಕಂಪನಿಯ ಪರೀಕ್ಷಾ ವರದಿಯೂ ಪ್ರತಿ ಸಲ ನಿಮ್ಮ ಕೈಗೆ ಸಿಗಬೇಕು ಎಂದು ಸಭೆಯ ನಡಾವಳಿಯಲ್ಲಿ ಬರೆಸಿ. ಅವರು ಚರಂಡಿ ನಕ್ಷೆ ಕೊಟ್ಟರೆ ಇಲ್ಲೇ ಹಾಕಿ, ನೀರು ಎಲ್ಲೆಲ್ಲಿ ಹೊರಗೆ ಬೀಳುತ್ತದೆ ನೋಡಿ ಹೇಳುತ್ತೇನೆ.