ತುಕ್ಕು ಬಳಿದ ಮಾತ್ರಕ್ಕೆ ಆಟಿಕೆ ಜೀಪಾಗದು

ಪ್ರಶ್ನೆ: 1:35 ಅಳತೆಯ (ಅಸಲಿಯ 35ನೇ ಒಂದು ಪಾಲಿನಷ್ಟಿರುವ) ವಿಲ್ಲಿಸ್ ಮಿಲಿಟರಿ ಜೀಪಿನ ಪ್ಲಾಸ್ಟಿಕ್ ಕಿಟ್ ಜೋಡಿಸಿದ್ದೇನೆ. ಮೈತುಂಬ ತುಕ್ಕು, ಕೆಸರು ಹಚ್ಚಿದರೂ ಆಟದ ಸಾಮಾನಿನ ಹಾಗೇ ಕಾಣುತ್ತಿದೆ. ತುಕ್ಕಿಗೆ ಯಾವ ಬಣ್ಣ ಒಳ್ಳೆಯದು?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಎಲ್ಲರಿಗೂ ಬೇಕಾದದ್ದು ಬಣ್ಣದ ಡಬ್ಬಿಯ ಹೆಸರು. ನಿಮ್ಮ ಜೀಪನ್ನು ಕೆಡಿಸಿರುವುದು ದಪ್ಪ. ಮಡ್‌ಗಾರ್ಡಿನ ಅಂಚು ಒಂದು ಮಿ.ಮೀ. ಇದ್ದರೆ ಅಸಲಿ ಗಾಡಿಯ ಲೆಕ್ಕದಲ್ಲಿ ಅದು 35 ಮಿ.ಮೀ. ಅಷ್ಟು ದಪ್ಪದ ಉಕ್ಕು ಟ್ಯಾಂಕಿಗೆ ಬೇಕು, ಜೀಪಿಗಲ್ಲ. ಅಂಚನ್ನು ಒಳಮೈಯಿಂದ ಬ್ಲೇಡಿನಲ್ಲಿ ಓರೆಯಾಗಿ ಕೆರೆಯಿರಿ; ಮೊದಲು 400, ಆಮೇಲೆ 800 ನಂಬರಿನ ವಾಟರ್ ಪೇಪರ್ ಹಿಡಿದು ತಿಕ್ಕಿ. ಇಡೀ ಭಾಗ ತೆಳುವಾಗಬೇಕಿಲ್ಲ, ಕಣ್ಣಿಗೆ ಬೀಳುವುದು ಅಂಚು ಮಾತ್ರ. ನೀರು ಹಾಕಿಯೇ ತಿಕ್ಕಿ, ಮುಖಕ್ಕೆ ಮಾಸ್ಕ್ ಇರಲಿ. ಪ್ಲಾಸ್ಟಿಕ್ ಪುಡಿ ಉಸಿರಿಗೆ ಹೋದರೆ ಅದನ್ನು ಕೆರೆದು ತೆಗೆಯುವ ಬ್ಲೇಡಿಲ್ಲ.

ಆಮೇಲೆ ಟೈರು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಏಳುವ ಗೆರೆಯನ್ನು ಹಾಗೇ ಬಿಟ್ಟು ಅದರ ಮೇಲೆ ಕಡುಕಪ್ಪು ಬಳಿದವರೇ ಹೆಚ್ಚು. ರಸ್ತೆ ಕಂಡ ರಬ್ಬರು ಬೂದುಗಪ್ಪು. ಗೆರೆ ತಿಕ್ಕಿ ತೆಗೆಯಿರಿ, ನೆಲಕ್ಕೆ ತಾಗುವ ಕಡೆ ಅರದಿಂದ ಕೂದಲೆಳೆಯಷ್ಟು ಚಪ್ಪಟೆ ಮಾಡಿ. ಗಾಡಿಗೆ ತೂಕ ಬಂದುಬಿಡುತ್ತದೆ.

ಕೊಳೆಯ ಸರದಿ ಬರುವುದು ಈಗ. (ಕಿಟ್ ತೊಳೆಯುವುದು, ಪ್ರೈಮರ್ ಹೊಡೆಯುವುದು ಗೊತ್ತಿದೆ ಎಂದುಕೊಂಡಿದ್ದೇನೆ.) ಅಕ್ರಿಲಿಕ್ ಬಣ್ಣ ಚೆನ್ನಾಗಿ ಒಣಗಿದ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಶ್ ಒಂದು ಕೋಟು. ಗಾಢ ಕಂದು ಎನಾಮೆಲನ್ನು ಮಿನರಲ್ ಟರ್ಪಂಟೈನ್ ಹಾಕಿ ನೀರಾಗಿಸಿ, ಸಣ್ಣ ಬ್ರಶ್ಶಿನ ತುದಿಯನ್ನು ಬಾನೆಟ್ಟಿನ ಸಂದಿಗೆ ಸುಮ್ಮನೆ ತಾಗಿಸಿ. ಸಂದಿಯೇ ಬಣ್ಣವನ್ನು ಎಳೆದುಕೊಳ್ಳುತ್ತದೆ. ಹೊರಗೆ ಚೆಲ್ಲಿದ್ದನ್ನು ಒರೆಸಿ, ಒಣಗಲು ಬಿಟ್ಟು, ಮೇಲೆ ಮ್ಯಾಟ್ ವಾರ್ನಿಶ್ ಕೊಡಿ. ಟರ್ಪಂಟೈನ್ ಕೇಳಿದರೆ ಹಾರ್ಡ್‌ವೇರ್ ಅಂಗಡಿಯವರು "ಎಲ್ಲಾ ಒಂದೇ ಸಾರ್" ಎಂದು ಎನ್.ಸಿ. (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಕೊಡುತ್ತಾರೆ, ಒಂದೇ ಅಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಯಾವ ಥಿನ್ನರನ್ನೂ ಅಡುಗೆಮನೆಯಲ್ಲಿ ತೆರೆಯಬೇಡಿ.

ತುಕ್ಕು ಹಚ್ಚುವುದು ನೀರು ನಿಲ್ಲುವ ಕಡೆ ಮಾತ್ರ: ಕಾಲಿಡುವ ತಳ, ಸೀಟಿನ ಅಡಿ, ಬೇಕಿದ್ದರೆ ಬಿಸಿಗೆ ಬಣ್ಣ ಹೋದ ಸೈಲೆನ್ಸರ್. ಬಾನೆಟ್ಟಿನ ನಟ್ಟನಡುವೆ ತುಕ್ಕು ಹಿಡಿಸಿದ ಫೋಟೊಗಳನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ಅಸಲಿ ಮಣ್ಣನ್ನೇ ಅಂಟಿಸಿದರೆ?

ಉತ್ತರ: ಅರ್ಧ ಮಿ.ಮೀ. ಮರಳಿನ ಕಾಳು ಈ ಜೀಪಿನ ಪಕ್ಕ 17 ಮಿ.ಮೀ. ದಾಟಿದ ಜಲ್ಲಿಕಲ್ಲು. ಒಣ ಪಾಸ್ಟಲ್ ಕಡ್ಡಿಯನ್ನು ಉಪ್ಪುಕಾಗದಕ್ಕೆ ಉಜ್ಜಿ, ಆ ಪುಡಿಯನ್ನು ಚಕ್ರದ ಹಿಂಬದಿಗೆ ಒಣ ಬ್ರಶ್ಶಿನಲ್ಲಿ ಸವರಿ. ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಅರ್ಧ ಧೂಳು ಮಾಯ.

ಪ್ರಶ್ನೆ: ಮುಂದಿನ ಗಾಜು ಮಂಜು ಕವಿದಂತೆ ಬೆಳ್ಳಗಾಗಿದೆ.

ಉತ್ತರ: ಸೂಪರ್ ಗ್ಲೂ ಆವಿ. ಗಾಜಿಗೆ ಫೆವಿಕಾಲ್ ಸಾಕು.

ಪ್ರಶ್ನೆ: ಹಳೆ ಬಣ್ಣ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಬಳಸಿ ಎಂದು ಒಂದು ವಿಡಿಯೊದಲ್ಲಿ ಹೇಳಿದರು.

ಉತ್ತರ: ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆ ಜೀಪೂ ಹೋಗುತ್ತದೆ. ವಿಡಿಯೊದವರು ಹೊಸ ಕಿಟ್ ಕೊಡಿಸುವುದಿಲ್ಲ.

ಪ್ರಶ್ನೆ: ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆ ಆಗುವುದೇ ಇಲ್ಲವಂತೆ?

ಉತ್ತರ: ಏರ್‌ಬ್ರಶ್ ಮಾರುವವರು ಹೇಳಿರಬೇಕು.

ಪ್ರಶ್ನೆ: ಇದೇ ಕಿಟ್ಟಿಗೆ ಬಣ್ಣ ಬದಲಿಸಿ ಮೂಡಿಗೆರೆ ಕಾಫಿ ತೋಟದ ಮಹೀಂದ್ರ ಜೀಪ್ ಮಾಡಬಹುದೇ?

ಉತ್ತರ: ಬಣ್ಣ ಬದಲಿಸಿದರೆ ಸಾಲದು. ಈ ಕಿಟ್ಟಿನ ಸ್ಟಿಯರಿಂಗ್ ಎಡಕ್ಕಿದೆ. ಮುಂದಿನ ಜಾಲರಿಯಲ್ಲಿ 9 ಸೀಳುಗಳಿವೆ. ಮಹೀಂದ್ರದವರು ಮಾಡುತ್ತಿದ್ದ ಸಿಜೆ-3ಬಿ ಮಾದರಿಯ ಬಾನೆಟ್ ಇದಕ್ಕಿಂತ ಎತ್ತರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ತಂದ ಮಿಲಿಟರಿ ಜೀಪು ಎನ್ನಿ, ಒಪ್ಪುತ್ತೇನೆ.