ಔಷಧಿ ಚೀಲ ಬಿಚ್ಚಿ ನೋಡಿದಾಗ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮಾಜಿ ಸೈನಿಕರ ಮನೆಗಳಿಂದ, ಫಾರ್ಮಸಿ ಓದುವವರಿಂದ ಬಂದ ಪ್ರಶ್ನೆಗಳಿಗೆ ಈ ಸಲ ಕ್ಲಿನಿಕಲ್ ಫಾರ್ಮಸಿ, ಅಂದರೆ ರೋಗಿ ತೆಗೆದುಕೊಳ್ಳುವ ಔಷಧಿಗಳು ಸರಿಯಿವೆಯೇ ಎಂದು ನೋಡುವ ಕೆಲಸ, ಬಲ್ಲವರು ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ನಾನು ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಐದನೇ ವರ್ಷದಲ್ಲಿದ್ದೇನೆ. ಮುಂದೆ ಮಾಜಿ ಸೈನಿಕರ ಪಾಲಿಕ್ಲಿನಿಕ್‌ನಲ್ಲಿ ಫಾರ್ಮಸಿಸ್ಟ್ ಆಗುವ ಆಸೆ. ಕೌಂಟರಿನಲ್ಲಿ ಗುಳಿಗೆ ಎಣಿಸಿ ಕೊಡುವುದು ಬಿಟ್ಟರೆ ಅಲ್ಲಿ ಕ್ಲಿನಿಕಲ್ ಕೆಲಸ ಇರುತ್ತದೆಯೇ?
– ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಹುದ್ದೆಯ ಹೆಸರಿನಲ್ಲಿ ‘ಕ್ಲಿನಿಕಲ್’ ಎಂಬ ಮಾತು ಇರುವುದಿಲ್ಲ, ಆದರೆ ಕೆಲಸ ಬೇಕಾದಷ್ಟಿದೆ. ಮಾಜಿ ಸೈನಿಕರ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್, ಶುರುವಾದದ್ದು 2003ರ ಏಪ್ರಿಲ್ 1ರಂದು. ಇದರ ಪಾಲಿಕ್ಲಿನಿಕ್‌ಗಳಿಗೆ ಸಿಬ್ಬಂದಿಯನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತಾರೆ. ಫಾರ್ಮಸಿ ಕೌನ್ಸಿಲ್ ನೋಂದಣಿ ಕಡ್ಡಾಯ, ಅನುಭವವನ್ನೂ ಕೇಳುತ್ತಾರೆ. ಆರನೇ ವರ್ಷದ ಇಂಟರ್ನ್‌ಶಿಪ್ ಮುಗಿದ ಕೂಡಲೇ ನೋಂದಣಿ ಮಾಡಿಸಿಕೊಳ್ಳಿ.

ಕ್ಲಿನಿಕಲ್ ಕೆಲಸ ಶುರುವಾಗುವುದು ರೋಗಿ ತರುವ ಪ್ಲಾಸ್ಟಿಕ್ ಚೀಲದಿಂದ. ಸರದಿ ಉದ್ದವಿರುವ ದಿನ ಎಲ್ಲರ ಚೀಲವನ್ನೂ ನೋಡಲಾಗದು. ದಿನಕ್ಕೆ ಎರಡೇ ಚೀಲ ಸಾಕು, ಒಂದೊಂದಕ್ಕೆ 20 ನಿಮಿಷ ಕೊಡಿ. ಎಂಟಕ್ಕಿಂತ ಹೆಚ್ಚು ಔಷಧಿ ನುಂಗುವವರು, ಹೋದ ತಿಂಗಳು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದವರು, ಇನ್ಸುಲಿನ್ ಅಥವಾ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರನ್ನು ಮೊದಲು ಆರಿಸಿ. ಹಿಂದಿನ ದಿನವೇ ಫೋನ್ ಮಾಡಿ, ಮನೆಯಲ್ಲಿರುವ ಔಷಧಿಯನ್ನೆಲ್ಲ ತರಲು ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಗುಳಿಗೆ, ನಾಟಿ ಔಷಧಿಯ ಪುಡಿ, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವೂ ಮೇಜಿನ ಮೇಲೆ ಬರಬೇಕು.

ನಂತರ ಸ್ಟ್ರಿಪ್‌ಗಳನ್ನು ಬ್ರಾಂಡ್ ಹೆಸರಿನ ಮೇಲಲ್ಲ, ಒಳಗಿನ ಔಷಧಿಯ ಹೆಸರಿನ ಮೇಲೆ ಗುಂಪು ಮಾಡಿ. ಪೂರೈಕೆ ಬದಲಾದಂತೆ ಬ್ರಾಂಡ್ ಬದಲಾಗುತ್ತದೆ. ಹೋದ ತಿಂಗಳು ಕೆಂಪು ಸ್ಟ್ರಿಪ್, ಈ ತಿಂಗಳು ನೀಲಿ. ಹಳೆಯದು ಉಳಿದಿರುತ್ತದೆ, ಹೊಸದೂ ಬಂದಿರುತ್ತದೆ, ಎರಡನ್ನೂ ನುಂಗುತ್ತಾರೆ. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಹೀಗೆಯೇ ಸದ್ದಿಲ್ಲದೆ 80 ಆಗುತ್ತದೆ. ಜೋಡಿ ಗುಳಿಗೆಗಳಲ್ಲಿ ತಪ್ಪು ಇನ್ನೂ ಸುಲಭ. ಟೆಲ್ಮಿಸಾರ್ಟನ್ ಮತ್ತು ಆಮ್ಲೊಡಿಪಿನ್ ಸೇರಿದ ಒಂದು ಗುಳಿಗೆ, ಅದರ ಪಕ್ಕದಲ್ಲಿ ಬೇರೆಯಾಗಿ ಆಮ್ಲೊಡಿಪಿನ್ 5. ಒಟ್ಟು 10 ಮಿಲಿಗ್ರಾಂ ಆಯಿತು, ಕಾಲು ಬಾತವು. ಆ ಊತಕ್ಕೆ ಯಾರೋ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಬರೆದರು. ಅದರಿಂದ ಪೊಟ್ಯಾಸಿಯಂ ಇಳಿಯಿತು, ಯೂರಿಕ್ ಆಸಿಡ್ ಏರಿ ಹೆಬ್ಬೆರಳಿನ ಗಂಟು ನೋಯತೊಡಗಿತು, ಆ ನೋವಿಗೆ ಡೈಕ್ಲೊಫೆನಾಕ್ ಬಂತು. ಈ ಎರಡು ಔಷಧಿಗೂ ಮೂಲ ಆ ಹೆಚ್ಚುವರಿ 5 ಮಿಲಿಗ್ರಾಂ. ಇದನ್ನು ಹಿಡಿಯುವುದೇ ಕ್ಲಿನಿಕಲ್ ಫಾರ್ಮಸಿ.

ಕೇಳುವ ಬಗೆಯೂ ಮುಖ್ಯ. ‘ದಿನಾ ಎರಡು ಸಲ ತಗೋತೀರಲ್ಲ?’ ಎಂದರೆ ಸೇನೆಯಲ್ಲಿದ್ದವರು ‘ಹೌದು ಸರ್’ ಎಂದೇ ಹೇಳುತ್ತಾರೆ, ಅದು ಅವರ ಶಿಸ್ತು. ‘ಇದು ಯಾತಕ್ಕೆ? ನಿನ್ನೆ ಯಾವಾಗ ತಗೊಂಡ್ರಿ?’ ಎಂದು ಕೇಳಿ. ಗುಳಿಗೆಗಳನ್ನೂ ಎಣಿಸಿ. ದಿನಕ್ಕೊಂದರಂತೆ 30 ಕೊಟ್ಟು 12 ದಿನವಾಗಿದ್ದರೆ 18 ಉಳಿಯಬೇಕು. 25 ಇದ್ದರೆ ಏಳು ದಿನ ತಪ್ಪಿದೆ ಎಂದು ಲೆಕ್ಕ. ‘ಬಿ.ಪಿ. ಇಳಿದಿಲ್ಲ, ಡೋಸ್ ಏರಿಸಿ’ ಎನ್ನುವ ಮುನ್ನ ಈ ಲೆಕ್ಕ ವೈದ್ಯಾಧಿಕಾರಿಗೆ ಗೊತ್ತಿರಬೇಕು.

ಔಷಧಿಯನ್ನು ನೀವಾಗಿಯೇ ಬದಲಿಸುವ ಅಧಿಕಾರ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಚೀಟಿ ಬರೆದು ವೈದ್ಯಾಧಿಕಾರಿಗೆ ಕೊಡಬೇಕು. ನಾಲ್ಕು ಸಾಲು ಮೀರಬಾರದು: ಏನು ಕಂಡಿತು, ಯಾವ ಪರೀಕ್ಷೆಯ ಅಂಕಿ ಅದನ್ನು ಹೇಳುತ್ತದೆ, ನಿಮ್ಮ ಸಲಹೆ ಏನು, ಮತ್ತೆ ಯಾವಾಗ ಏನನ್ನು ಪರೀಕ್ಷಿಸಬೇಕು. ‘ದಯವಿಟ್ಟು ಪರಿಶೀಲಿಸಿ’ ಎಂದಷ್ಟೇ ಬರೆದ ಚೀಟಿ ಕಡತ ಸೇರುತ್ತದೆ. ‘ಬೇರೆಯಾಗಿ ಕೊಟ್ಟ ಆಮ್ಲೊಡಿಪಿನ್ 5 ನಿಲ್ಲಿಸಬಹುದೇ? ಎರಡು ವಾರಕ್ಕೆ ಬಿ.ಪಿ. ಮತ್ತು ಕಾಲಿನ ಬಾವು ನೋಡುತ್ತೇನೆ’ ಎಂದು ಬರೆದದ್ದಕ್ಕೆ ಅಂದೇ ಸಹಿ ಬೀಳುತ್ತದೆ. ಔಷಧಿಯಿಂದ ದುಷ್ಪರಿಣಾಮವಾಗಿದೆ ಎಂಬ ಅನುಮಾನವಿದ್ದರೆ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ 1800-180-3024ಕ್ಕೆ ತಿಳಿಸಿ. ಅನುಮಾನವೇ ಸಾಕು, ಪುರಾವೆ ಬೇಕಿಲ್ಲ.

ಪ್ರಶ್ನೆ: ಪಾಲಿಕ್ಲಿನಿಕ್‌ನಿಂದ ಎರಡು ತಿಂಗಳಿಗೆ ಆಗುವಷ್ಟು ಇನ್ಸುಲಿನ್ ತರ್ತೀನಿ. ಬ್ಯಾಸಗಿಯಾಗ ನಮ್ಮೂರಾಗ ಕರೆಂಟ್ ತಾಸುಗಟ್ಟಲೆ ಇರಂಗಿಲ್ಲ, ಫ್ರಿಜ್ ಇದ್ದೂ ಇಲ್ಲದಂಗ. ಗಡಗಿಯಾಗ ಇಡಬಹುದೇನು?
– ನಿವೃತ್ತ ಹವಾಲ್ದಾರ್, ಮಾನ್ವಿ ತಾಲ್ಲೂಕು

ಉತ್ತರ: ಹವಾಲ್ದಾರ್ ಸಾಹೇಬರೇ, ಈಗ ಬಳಸುತ್ತಿರುವ ಬಾಟಲಿಯನ್ನು ಗಡಿಗೆಯಲ್ಲಿ ಖಂಡಿತ ಇಡಬಹುದು. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದೊಂದು ಇಟ್ಟು, ನಡುವೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಆ ಮರಳಿಗೆ ನೀರು ಹಾಕಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ. ನೆರಳಿರಲಿ, ಗಾಳಿಯಾಡಲಿ. ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ರಾಯಚೂರಿನ ಒಣ ಬಿಸಿಲಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಳೆಗಾಲದ ತೇವಕ್ಕೆ ಅಷ್ಟು ತಣ್ಣಗಾಗುವುದಿಲ್ಲ.

ಆದರೆ ಗಡಿಗೆ 2ರಿಂದ 8 ಡಿಗ್ರಿಗೆ ಇಳಿಯುವುದಿಲ್ಲ. ಆ ತಂಪು ಬೇಕಾದದ್ದು ಇನ್ನೂ ತೆರೆಯದ ಬಾಟಲಿಗಳಿಗೆ. ಅವನ್ನು ಫ್ರಿಜ್ಜಿನಲ್ಲೇ ಇಡಿ, ಫ್ರೀಜರಿನಲ್ಲಿ ಅಲ್ಲ, ಅದಕ್ಕೆ ತಾಗಿದ ಗೋಡೆಗೂ ಅಲ್ಲ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ಎರಡು ತಿಂಗಳಿನದನ್ನು ಒಟ್ಟಿಗೆ ತರುವುದಕ್ಕಿಂತ ಬ್ಯಾಸಗಿಯಲ್ಲಿ ತಿಂಗಳಿಗೊಮ್ಮೆ ತರುವುದು ಮೇಲು. ಬಾಟಲಿ ತೆರೆದ ದಿನ ಲೇಬಲ್ ಮೇಲೆ ತಾರೀಖು ಬರೆಯಿರಿ, ಸಾಮಾನ್ಯವಾಗಿ 28 ದಿನಕ್ಕೆ ಉಳಿದದ್ದನ್ನು ಎಸೆಯಬೇಕು. ನೀರಿನಂತೆ ತಿಳಿಯಾಗಿರಬೇಕಾದದ್ದು ಮಬ್ಬಾದರೆ ಬೇಡ. ಹಾಲಿನ ಬಣ್ಣದ್ದನ್ನು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ತಲೆಕೆಳಗೆ ಮಾಡಿ. ಆಮೇಲೂ ಗಾಜಿಗೆ ಬಿಳಿ ಪುಡಿ ಅಂಟಿದ್ದರೆ ಅದೂ ಬೇಡ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು, ಬಿಸಿಲಿಗಿಂತ ಇದು ದೊಡ್ಡ ಅಪಾಯ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರು. ಅದೇ ಗೆರೆಗೆ 100ರ ಇನ್ಸುಲಿನ್ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಪೂರೈಕೆ ಬದಲಾದಾಗಲೆಲ್ಲ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನೋಡಿ ಹೊರಡಿ.

ಪ್ರಶ್ನೆ: ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ತೆಳುವಾಗುವ ಗುಳಿಗೆ ನಡೆದಿದೆ. ಪುಂಡಿಪಲ್ಯ ಪೂರ್ತಿ ಬಿಡಬೇಕೇ?
– ಓದುಗರು, ಸಿರುಗುಪ್ಪ

ಉತ್ತರ: ಬಿಡಬೇಡಿ. ಹಸಿರು ಸೊಪ್ಪಿನ ವಿಟಮಿನ್ ಕೆ ಈ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ ನಿಜ. ಆದರೆ ವೈದ್ಯರು ಡೋಸ್ ಗೊತ್ತುಮಾಡುವುದು ನೀವು ದಿನವೂ ಉಣ್ಣುವ ಊಟದ ಮೇಲೆಯೇ. ವಾರಕ್ಕೆ ಎರಡು ಸಲ ತಿನ್ನುತ್ತಿದ್ದರೆ ಎರಡೇ ಸಲ, ಅದೇ ಪ್ರಮಾಣದಲ್ಲಿ ತಿನ್ನಿ. ಒಂದು ವಾರ ದಿನವೂ ತಿಂದು ಮರುವಾರ ಮುಟ್ಟದಿದ್ದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರುವ ಅಂಕಿಯಾದ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪಿಗಿಂತ ನೋವಿನ ಗುಳಿಗೆಗೆ, ಭೇದಿಗೆ ಕೊಡುವ ಮೆಟ್ರೊನಿಡಜೋಲ್‌ಗೆ ಹೆಚ್ಚು ಹೆದರಿ. ಇನ್ನೊಂದು: ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿನೊಕೌಮರಾಲ್ ಒಂದೇ ಕೆಲಸ ಮಾಡಿದರೂ ಮಿಲಿಗ್ರಾಂ ಲೆಕ್ಕ ಬೇರೆ. ಅಸಿನೊಕೌಮರಾಲ್ ಸುಮಾರು ಅರ್ಧದಷ್ಟು ಸಾಕಾಗುತ್ತದೆ. ಒಂದು ಸಿಗಲಿಲ್ಲವೆಂದು ಅಷ್ಟೇ ಮಿಲಿಗ್ರಾಂ ಇನ್ನೊಂದನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬರುವ ವಯಸ್ಸಾದವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರುವ ರಕ್ತಪರೀಕ್ಷೆಯ ಅಂಕಿ) ಏರುತ್ತಿರುವುದನ್ನು ನೋಡುತ್ತಿದ್ದೇನೆ. ಯಾವ ಔಷಧಿಗಳನ್ನು ಮೊದಲು ನೋಡಬೇಕು? ಡೋಸ್ ಗೊತ್ತುಮಾಡಲು ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬ ಅಂದಾಜಾಗಿ ಲ್ಯಾಬಿನವರು ಬರೆದ ಇಜಿಎಫ್‌ಆರ್ ಸಾಕೇ?
– ಫಾರ್ಮಸಿಸ್ಟ್, ರಾಯಚೂರು

ಉತ್ತರ: ಮೊದಲು ಹುಡುಕಬೇಕಾದದ್ದು ಮೂರರ ಜೋಡಿ: ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್ ಗುಂಪಿನ ಬಿ.ಪಿ. ಔಷಧಿ, ಮೂತ್ರ ಹೆಚ್ಚಿಸುವ ಗುಳಿಗೆ, ಮೊಣಕಾಲಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್. ಮೂತ್ರಪಿಂಡದ ಸೋಸುಗಂಟಿಗೆ ರಕ್ತ ತರುವ ನಾಳವನ್ನು ನೋವಿನ ಗುಳಿಗೆ ಕಿರಿದು ಮಾಡುತ್ತದೆ, ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಹಿಗ್ಗಿಸುತ್ತದೆ, ಮೂತ್ರದ ಗುಳಿಗೆ ಮೈಯ ನೀರನ್ನೇ ಕಡಿಮೆ ಮಾಡುತ್ತದೆ. ಹೊಲದಲ್ಲಿ ನಾಲ್ಕು ತಾಸು ಬೆವರು ಸುರಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಮೂರನೆಯ ಗುಳಿಗೆ ನಿಮ್ಮ ದಾಖಲೆಯಲ್ಲಿ ಇರುವುದಿಲ್ಲ, ಚೀಲದಲ್ಲಿ ಇರುತ್ತದೆ. ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಮುಲಾಮು ಸೂಚಿಸಿ, ಒಂದು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮತ್ತೆ ನೋಡಬೇಕೆಂದು ಚೀಟಿ ಬರೆಯಿರಿ.

ಇಜಿಎಫ್‌ಆರ್ ಒಂದೇ ಸಾಲದು. 72 ವರ್ಷದ, 54 ಕೆ.ಜಿ. ತೂಕದ ಗಂಡಸಿನ ಕ್ರಿಯಾಟಿನಿನ್ 1.4 ಎನ್ನಿ. ಮೂತ್ರಪಿಂಡದ ಸೋಸುವ ಬಲ ಅಳೆಯುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ 140ರಿಂದ ವಯಸ್ಸು ಕಳೆದರೆ 68. ಅದನ್ನು 54ರಿಂದ ಗುಣಿಸಿ, 72 ಮತ್ತು 1.4ರ ಗುಣಲಬ್ಧವಾದ 100.8ರಿಂದ ಭಾಗಿಸಿದರೆ ಸುಮಾರು 36. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಇದೇ ಮನುಷ್ಯನ ಇಜಿಎಫ್‌ಆರ್ 2021ರ ಸೂತ್ರದಲ್ಲಿ ಸುಮಾರು 53 ಬರುತ್ತದೆ. ಅದು 1.73 ಚದರ ಮೀಟರ್ ಮೈ ಅಳತೆಗೆ ಹೊಂದಿಸಿದ ಅಂಕಿ, ಸಣಕಲು ಮೈಯ ಮುದುಕರಿಗೆ ಹಿಗ್ಗಿ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ನಿಯಮ ಇಜಿಎಫ್‌ಆರ್ ಮೇಲೆ ನಿಂತಿದೆ: 45ಕ್ಕಿಂತ ಇಳಿದರೆ ಡೋಸ್ ಅರ್ಧ ಮಾಡುವ ಮಾತು, 30ಕ್ಕಿಂತ ಇಳಿದರೆ ನಿಲ್ಲಿಸಲೇಬೇಕು. ನರನೋವಿನ ಪ್ರೆಗಬಾಲಿನ್, ರಕ್ತ ತೆಳುವಾಗಿಸುವ ಡಾಬಿಗಟ್ರಾನ್‌ನಂಥವಕ್ಕೆ ಮೊದಲ ಸೂತ್ರ ಬಳಸಿ. 36 ಇದ್ದವರಿಗೆ ಪ್ರೆಗಬಾಲಿನ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ತಲೆ ತಿರುಗಿ ಬಿದ್ದು ತೊಡೆಮೂಳೆ ಮುರಿದುಕೊಳ್ಳುವವರಲ್ಲಿ ಈ ಲೆಕ್ಕ ತಪ್ಪಿದವರೂ ಇರುತ್ತಾರೆ.

ವಾಂತಿ ಭೇದಿ ಆದ ದಿನ ಯಾವ ಗುಳಿಗೆ ತಡೆಹಿಡಿಯಬೇಕು ಎಂಬುದನ್ನು ವೈದ್ಯಾಧಿಕಾರಿಯಿಂದ ಬ್ಯಾಸಗಿಗೆ ಮೊದಲೇ ಬರೆಸಿ, ರೋಗಿಯ ಪುಸ್ತಕಕ್ಕೆ ಅಂಟಿಸಿ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೊಜಿನ್, ಮೂತ್ರದ ಗುಳಿಗೆ, ಟೆಲ್ಮಿಸಾರ್ಟನ್ ಆ ಪಟ್ಟಿಗೆ ಸೇರುತ್ತವೆ. ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು ಎಂದೂ ಅದರಲ್ಲೇ ದಪ್ಪ ಅಕ್ಷರದಲ್ಲಿ ಇರಲಿ.

ಪ್ರಶ್ನೆ: ನಮ್ಮ ಮನಿಯವರು ಫೌಜಿನಿಂದ ಬಂದು ಹದಿನೈದು ವರ್ಷ ಆತು. ಸಕ್ಕರಿ ಕಾಯಿಲೆಗೆ ಗುಳಿಗಿ ತಗೋತಾರ. ರಾತ್ರಿ ಕ್ಯಾಂಟೀನಿನ ರಮ್ ಕುಡಿದು, ನಿದ್ದಿ ಗುಳಿಗಿ ತಗೊಂಡು, ಒಮ್ಮೊಮ್ಮೆ ಉಣ್ಣದ ಮಲಗ್ತಾರ. ಹೋದ ವಾರ ನಡುರಾತ್ರಿ ಮೈಯೆಲ್ಲ ಬೆವತು ಏನೇನೋ ಮಾತಾಡಿದ್ರು. ನಿಶೆ ಅಂದ್ಕೊಂಡು ಸುಮ್ಮನಾದ್ವಿ. ಅದು ನಿಶೆನೋ, ಮತ್ತೇನಾದ್ರೂನೋ?
– ಗೃಹಿಣಿ, ಕುಷ್ಟಗಿ

ಉತ್ತರ: ತಾಯಿ, ಅದು ಸಕ್ಕರೆ ಕುಸಿದಿದ್ದರ ಲಕ್ಷಣವಿರಬಹುದು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆ ಊಟ ಇದ್ದರೂ ಇಲ್ಲದಿದ್ದರೂ ಮೈಯಲ್ಲಿ ಇನ್ಸುಲಿನ್ ಹೊರಡಿಸುತ್ತದೆ. ಉಪವಾಸದಲ್ಲಿ ಸಕ್ಕರೆ ತಯಾರಿಸಿ ಕಾಪಾಡಬೇಕಾದದ್ದು ಯಕೃತ್ತು, ಮದ್ಯ ಅದರ ಕೈಕಟ್ಟುತ್ತದೆ. ಮತ್ತೆ ಹೀಗಾದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ನುಂಗುವಷ್ಟು ಎಚ್ಚರವಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕುಡಿಸಿ, ಏರಿದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣಿಸಿ. ಮೀಟರ್ ಇಲ್ಲದಿದ್ದರೆ ಕಾಯಬೇಡಿ, ಸಕ್ಕರೆ ನೀರು ಕೊಟ್ಟುಬಿಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಸರಿಹೋದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಈ ಗುಳಿಗೆಗಳ ಪ್ರಭಾವ ಇಡೀ ದಿನ ಇದ್ದು ಸಕ್ಕರೆ ಮತ್ತೆ ಇಳಿಯಬಹುದು.

ರಮ್ ಮತ್ತು ನಿದ್ದೆ ಗುಳಿಗೆ ಸೇರಿದರೆ ಉಸಿರು ಕುಗ್ಗುತ್ತದೆ, ಅವೆರಡು ಒಂದೇ ರಾತ್ರಿ ಬೇಡವೇ ಬೇಡ. ಹಾಗಂತ ಸಿಟ್ಟಿನಲ್ಲಿ ಗುಳಿಗೆ ಬಚ್ಚಿಡಬೇಡಿ. ಅಲ್‌ಪ್ರಜೋಲಾಮ್, ಕ್ಲೊನಜೆಪಾಮ್ ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಿನವೂ ಕುಡಿಯುವವರು ಥಟ್ಟನೆ ಬಿಟ್ಟರೂ ಅದೇ ಅಪಾಯ. ಎರಡನ್ನೂ ವೈದ್ಯರ ಕೈಯಲ್ಲಿ ಹಂತಹಂತವಾಗಿ ಇಳಿಸಬೇಕು. ನಿದ್ದೆ ಬಾರದಿರುವುದರ ಹಿಂದೆ ಹಳೆಯ ನೆನಪುಗಳ ಕಾಟ ಇದ್ದರೆ, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರೇ ಆಗಲಿ, ನೀವೇ ಆಗಲಿ ಫೋನ್ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ಮಗಳು ಫಾರ್ಮ್.ಡಿ. ಮುಗಿಸಿದ್ದಾಳೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟರೇ ಔಷಧಿ ಬರೆಯುತ್ತಾರಂತೆ, ನಿಜವೇ? ಅಲ್ಲಿ ಸೇರಲು ಏನು ಬೇಕು?
– ಓದುಗರು, ಕೊಪ್ಪಳ

ಉತ್ತರ: ನಿಜ. ಅಲ್ಲಿನ ವೆಟರನ್ಸ್ ಆರೋಗ್ಯ ವ್ಯವಸ್ಥೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್‌ಗೆ ಲಿಖಿತ ಕಾರ್ಯವ್ಯಾಪ್ತಿ ಕೊಟ್ಟಿರುತ್ತಾರೆ. ಅದರೊಳಗೆ ಅವರು ಸಕ್ಕರೆ, ಬಿ.ಪಿ., ರಕ್ತ ತೆಳುವಾಗಿಸುವ ಔಷಧಿಗಳನ್ನು ಶುರು ಮಾಡಬಹುದು, ಡೋಸ್ ಬದಲಿಸಬಹುದು, ನಿಲ್ಲಿಸಬಹುದು, ಪರೀಕ್ಷೆಗಳನ್ನೂ ಬರೆಯಬಹುದು. ರೋಗ ಪತ್ತೆ ವೈದ್ಯರದು, ಔಷಧಿಯನ್ನು ಹದಕ್ಕೆ ತರುವುದು ಫಾರ್ಮಸಿಸ್ಟರದು. ಅದಕ್ಕೆ ಪದವಿ ಮೇಲೆ ರೆಸಿಡೆನ್ಸಿಯನ್ನೂ (ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಸಾಮಾನ್ಯವಾಗಿ ಬಯಸುತ್ತಾರೆ.

ದಾರಿ ಉದ್ದ. ಮೊದಲು ವಿದೇಶಿ ಫಾರ್ಮಸಿ ಪದವೀಧರರ ಪ್ರಮಾಣಪತ್ರ ಬೇಕು. ಪದವಿ ಪತ್ರಗಳ ಪರಿಶೀಲನೆ, ಫಾರ್ಮಸಿ ಜ್ಞಾನ ಅಳೆಯುವ ಎಫ್‌ಪಿಜಿಇಇ ಪರೀಕ್ಷೆ ಮತ್ತು ಟೋಫೆಲ್ ಇಂಗ್ಲಿಷ್ ಪರೀಕ್ಷೆ ಇದರ ಭಾಗ. ಕನಿಷ್ಠ ಐದು ವರ್ಷದ ಪದವಿ ಕೇಳುವುದರಿಂದ ನಾಲ್ಕು ವರ್ಷದ ಬಿ.ಫಾರ್ಮಾ ಒಂದೇ ಆದರೆ ನಡೆಯದು, ನಿಮ್ಮ ಮಗಳಿಗೆ ಆ ತೊಡಕಿಲ್ಲ. ನಂತರ ಒಂದು ರಾಜ್ಯದಲ್ಲಿ ಇಂಟರ್ನ್ ತಾಸುಗಳನ್ನು ಪೂರೈಸಿ, ಫಾರ್ಮಸಿಸ್ಟ್ ಲೈಸೆನ್ಸಿನ ನಾಪ್ಲೆಕ್ಸ್ ಪರೀಕ್ಷೆ ಬರೆದು, ಆ ರಾಜ್ಯ ಕೇಳುವ ಕಾನೂನು ಪರೀಕ್ಷೆಯನ್ನೂ ಮುಗಿಸಿ ಲೈಸೆನ್ಸ್ ಪಡೆಯಬೇಕು. ಯಾವುದೇ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ದೇಶದ ಯಾವ ವೆಟರನ್ಸ್ ಆಸ್ಪತ್ರೆಯಲ್ಲಾದರೂ ಕೆಲಸ ಮಾಡಬಹುದು. ಆದರೆ ಒಂದು ಗೋಡೆ ಇದೆ: ಅದು ಸರ್ಕಾರಿ ಸೇವೆ, ಅಮೆರಿಕದ ಪೌರರಿಗೇ ಮೊದಲ ಹಕ್ಕು. ಅರ್ಹ ಪೌರರು ಸಿಗದಾಗ ಮಾತ್ರ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮೊದಲ ಕೆಲಸವನ್ನು ಬೇರೆ ಆಸ್ಪತ್ರೆಯಲ್ಲಿ ಹುಡುಕುವ ಲೆಕ್ಕದಲ್ಲಿಯೇ ಹೊರಡಲಿ.

ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಅಂಕಪಟ್ಟಿ, ನೋಂದಣಿ ಪತ್ರ, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಇರುವುದು ನಮ್ಮ ಕಡೆ ಸಾಮಾನ್ಯ. ಅರ್ಜಿ ಹಾಕಿದ ಮೇಲೆ ಇದನ್ನು ತಿದ್ದಿಸಲು ಹೋದರೆ ತಿಂಗಳುಗಳೇ ಹಿಡಿಯುತ್ತವೆ, ವಿಶ್ವವಿದ್ಯಾಲಯಕ್ಕೆ ಈಗಲೇ ಅರ್ಜಿ ಕೊಟ್ಟು ಸರಿಮಾಡಿಸಿಕೊಳ್ಳಿ.