ಬೆಳಗ್ಗೆ ಐದಕ್ಕೆ ಏಳಲೇಬೇಕಾ? ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು, ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ವಯಸ್ಸು, ಬಡಾವಣೆ, ಕೆಲಸ ಎಲ್ಲ ಬದಲಿಸಿದ್ದೇನೆ, ಹಾಗಾಗಿ ಇವರು ಯಾರಿರಬಹುದು ಅಂತ ಲೆಕ್ಕ ಹಾಕೋಕೆ ಕೂರಬೇಡಿ.

ನಲವತ್ತರ ಆಸುಪಾಸಿನ ಹೆಂಗಸು. ವಿಜಯನಗರದ ಕಡೆ ಮನೆ, ವೈಟ್‌ಫೀಲ್ಡ್ ಕಡೆ ಆಫೀಸು, ಅಕೌಂಟ್ಸ್ ಕೆಲಸ. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗ, ಅತ್ತೆ. 2023ರಲ್ಲಿ ಮೆಟ್ರೋ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆದಮೇಲೆ ಟ್ರಾಫಿಕ್ ಕಾಟ ತಪ್ಪಿದೆ. ಆದರೂ ಹೋಗೋಕೆ ಬರೋಕೆ ಅಂತ ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆಯುತ್ತದೆ.

"ಮೇಡಂ, ನಂಗೆ ಹೇಳಿಕೊಳ್ಳೋಂಥ ಕಷ್ಟ ಏನೂ ಇಲ್ಲ. ಆದ್ರೆ ಸಂಜೆ ಯಾರು ಮಾತಾಡಿಸಿದ್ರೂ ಸಿಡುಕ್ತೀನಿ, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತೀನಿ. ಎಲ್ಲರೂ ಮಾಡ್ತಾರೆ, ನಂಗೆ ನನ್ನನ್ನೇ ನೋಡ್ಕೊಳ್ಳೋಕೆ ಬರಲ್ಲ."

ಆ ಕೊನೆಯ ಮಾತು ಯಾಕೆ ಬಂತು ಅಂತ ಕೇಳಿದಾಗ ಫೋನಲ್ಲಿ ಒಂದು ಫೋಟೋ ತೋರಿಸಿದರು. ಫ್ರಿಜ್ ಮೇಲೆ ಅಂಟಿಸಿದ ಪಟ್ಟಿ. ಐದಕ್ಕೆ ಏಳುವುದು, ನಿಂಬೆ ಹಾಕಿದ ಬಿಸಿನೀರು, 12 ಸೂರ್ಯನಮಸ್ಕಾರ, 20 ನಿಮಿಷ ಧ್ಯಾನ, ಡೈರಿ, ಹತ್ತು ಪುಟ ಓದು, ಸಕ್ಕರೆ ಬಂದ್. ಶುರುವಿನ ಒಂದು ವಾರ ಹಸಿರು ಪೆನ್ನಿನ ಟಿಕ್‌ಗಳು, ನೀಟಾಗಿ. ಆಮೇಲೆ ಒಂದು ದಿನ ಅತ್ತೆಗೆ ಹುಷಾರಿರಲಿಲ್ಲ. ಅಲ್ಲಿಂದ ಕೆಳಗೆ ಪೂರ್ತಿ ಖಾಲಿ. ಪಟ್ಟಿ ಮಾತ್ರ ಇನ್ನೂ ಅಲ್ಲೇ ಇತ್ತು, ದಿನಾ ಹಾಲು ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು.

ನನಗೆ ಕಂಡಿದ್ದು ಇಷ್ಟೇ. ಮೊದಲೇ ತುಂಬಿದ ದಿನಕ್ಕೆ ಇನ್ನೂ ಏಳು ಕೆಲಸ ಸೇರಿಸಿ ಅದಕ್ಕೆ ಸ್ವ-ಆರೈಕೆ ಅಂತ ಹೆಸರಿಟ್ಟಿದ್ದರು. ಆದರೆ ಅದನ್ನು ಅವತ್ತೇ ಹೇಳಲಿಲ್ಲ. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪುಟ್ಟ ಪರೀಕ್ಷೆ ಕೊಟ್ಟೆ. ಕಳೆದ ಎರಡು ವಾರ ಮನಸ್ಸು ಖುಷಿಯಾಗಿತ್ತಾ, ನೆಮ್ಮದಿ ಇತ್ತಾ, ಎದ್ದಾಗ ಹಾಯಾಗಿತ್ತಾ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಬರುತ್ತದೆ. ಇವರಿಗೆ ಬಂದಿದ್ದು 28. ಐವತ್ತಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ವಿಚಾರಿಸಬೇಕು, ವಿಚಾರಿಸಿದೆ. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ಇದ್ದಿದ್ದರೆ ದಾರಿಯೇ ಬೇರೆ, ಆಗ ಕಷಾಯ ವಾಕಿಂಗ್ ಅಂತ ಕೂರುವ ಹಾಗಿಲ್ಲ, ಮನೋವೈದ್ಯರ ಹತ್ತಿರ ಕಳಿಸಬೇಕು. ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಕೆಲಸವನ್ನೂ ಮೊದಲೇ ಮಾಡಿಸಿದೆ, ರಕ್ತ ಪರೀಕ್ಷೆ. ಸುಸ್ತು, ಸಿಡುಕು ಅಂತ ಬಂದವರನ್ನು ನೇರವಾಗಿ ಮನಸ್ಸಿನ ವಿಷಯಕ್ಕೇ ಎಳೆಯಬಾರದು ಅನ್ನೋದು ನನ್ನ ಖಡಕ್ ಅಭಿಪ್ರಾಯ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.8, ಹೆಂಗಸರಿಗೆ ಕಡೇ ಪಕ್ಷ 12 ಇರಬೇಕು. ಇದೇನು ಅಪರೂಪ ಅಲ್ಲ, ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಜೊತೆಗೆ, ಮಾತ್ರೆಯ ಹಿಂದೆ ಮುಂದೆ ಕಾಫಿ ಬೇಡ, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ ಅಂದರು.

ಕಾಫಿ ಅಂದ ಕೂಡಲೇ ಇವರ ಮುಖ ಬಾಡಿತು. ದಿನಕ್ಕೆ ಐದು ಲೋಟ, ಕೊನೆಯದು ರಾತ್ರಿ ಎಂಟಕ್ಕೆ. ಕಾಫಿಯಲ್ಲಿರುವ ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಅಂದರೆ ರಾತ್ರಿ ಒಂದಕ್ಕೂ ಆ ಲೋಟದ ಅರ್ಧ ಒಳಗೇ ಇರುತ್ತದೆ. ನಿದ್ದೆ ಎಲ್ಲಿಂದ ಬರಬೇಕು? ಆದರೆ ಕೆದಕಿ ಕೇಳಿದರೆ, ಇಡೀ ದಿನದಲ್ಲಿ ಅವರು ಕೂತು ಮಾತಾಡುವುದು ಅದೊಂದೇ ಹೊತ್ತಂತೆ. ಅತ್ತೆ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಸೊಸೆ ಚಪ್ಪಲಿ ಬಿಡುವ ಸದ್ದಿಗೆ ಬೆರೆಸಿ ತರುತ್ತಾರೆ. ಅದನ್ನು ಹೇಗೆ ಬಿಡಿಸೋದು ಹೇಳಿ! ಹಾಗಾಗಿ ಕೂರುವುದು ಹಾಗೇ ಇರಲಿ, ಲೋಟದಲ್ಲಿರುವುದು ಮಾತ್ರ ಬದಲಾಗಲಿ ಅಂತ ತೀರ್ಮಾನ ಆಯಿತು. ಸಂಜೆ ನಾಲ್ಕರ ಮೇಲೆ ಇವರಿಗೆ ಜೀರಿಗೆ ಕಷಾಯ. "ನನಗೇನು ಜ್ವರ ಬಂದಿದ್ಯಾ ಕಷಾಯ ಕುಡಿಯೋಕೆ" ಅಂತ ಅತ್ತೆ ಕಾಫಿಯನ್ನೇ ಮುಂದುವರಿಸಿದ್ದಾರೆ, ಅದು ಅವರಿಷ್ಟ.

ಕಾಫಿ ಬಿಟ್ಟರೂ ಹನ್ನೆರಡೂವರೆವರೆಗೆ ಫೋನಲ್ಲಿ ರೀಲ್ಸ್ ನೋಡುವುದು ತಪ್ಪಲಿಲ್ಲ. ಬೈಯಲಿಲ್ಲ, ಯಾಕೆ ಅಂತ ಕೇಳಿದೆ. "ಅದೊಂದೇ ಗಂಟೆ ನಂದು ಮೇಡಂ." ಸರಿಯಾಗಿಯೇ ಹೇಳಿದರು. ಆ ಗಂಟೆಯನ್ನು ಕಿತ್ತುಕೊಂಡರೆ ಪ್ರಯೋಜನವಿಲ್ಲ, ಅದನ್ನು ಒಂಬತ್ತೂವರೆಗೆ ತರಬೇಕು. ಆ ಹೊತ್ತಿಗೆ ಅಡುಗೆಮನೆ ಬೇರೆಯವರ ಕೈಗೆ ಹೋಗಬೇಕು, ಅಲ್ವಾ?

ಅದಕ್ಕೇ ಗಂಡನನ್ನು ಕರೆಸಿದೆ. ಒಳ್ಳೆಯ ಮನುಷ್ಯರೇ. "ಹೇಳಿದ್ರೆ ಏನು ಬೇಕಾದ್ರೂ ಮಾಡ್ತೀನಿ" ಅಂದರು. ಇವರು ತಲೆ ಎತ್ತದೆ, "ಹೇಳೋದೂ ಒಂದು ಕೆಲಸಾನೇ ರೀ" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಇತ್ಯರ್ಥ ಆಗಿದ್ದು: ಊಟ ಆದಮೇಲೆ ಪಾತ್ರೆ, ಕಟ್ಟೆ ಒರೆಸುವುದು, ಹಾಲಿಗೆ ಹೆಪ್ಪು ಹಾಕುವುದು, ಮಾರನೇ ದಿನದ ತಿಂಡಿಗೆ ಏನು ಅಂತ ಯೋಚಿಸುವುದೂ ಸೇರಿ, ಗಂಡ ಮತ್ತು ಮಗನದು. ನೆನಪಿಸಿ ಹೇಳುವ ಹಾಗಿಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ವ್ಯಾಯಾಮಕ್ಕೆ ಬೇರೆ ಟೈಮ್ ಹುಡುಕಲಿಲ್ಲ. ಮೆಟ್ರೋ ಇಳಿದು ಆಫೀಸಿಗೆ ಆಟೋ ಹತ್ತುತ್ತಿದ್ದರು, ಅದು ಕಾಲು ಗಂಟೆ ನಡಿಗೆಯ ದಾರಿ. ಹೋಗುವಾಗ ಹದಿನೈದು ನಿಮಿಷ, ಬರುವಾಗ ಹದಿನೈದು, ವಾರಕ್ಕೆ ಐದು ದಿನ. ಚುರುಕಾಗಿ ನಡೆದರೆ ವಾರಕ್ಕೆ 150 ನಿಮಿಷ ಆಯಿತು. ದೊಡ್ಡವರಿಗೆ ಕನಿಷ್ಠ ಇಷ್ಟಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ. ಫುಟ್‌ಪಾತ್ ಮೇಲೆ ಬೈಕ್ ಬರುತ್ತವೆ ಅಂದರು. ನಿಜ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಹೊಸದೇನನ್ನಾದರೂ ಶುರು ಮಾಡುವ ಮುಂಚೆ ಕೇಳಿಕೊಳ್ಳಲಿ ಅಂತ ಒಂದು ಪ್ರಶ್ನೆ ಬರೆದುಕೊಟ್ಟೆ: ಅತ್ತೆಗೆ ಹುಷಾರಿಲ್ಲದ ದಿನವೂ ಇದು ಆಗುತ್ತಾ? ಆಗಲ್ಲ ಅಂದರೆ ಅದು ದೊಡ್ಡದಾಯಿತು, ಅರ್ಧ ಮಾಡಿ. ಧ್ಯಾನ 20 ನಿಮಿಷದಿಂದ, ಮೆಟ್ರೋದಲ್ಲಿ ಒಂದು ಸ್ಟೇಷನ್‌ನಿಂದ ಇನ್ನೊಂದು ಸ್ಟೇಷನ್ ತನಕ ಕಣ್ಣು ಮುಚ್ಚಿ ಉಸಿರು ಗಮನಿಸುವುದಕ್ಕೆ ಇಳಿದಿದ್ದು ಹೀಗೆ. ತಿಂಡಿಯದೂ ಅಷ್ಟೇ. ಹರಿದ ದೋಸೆಯನ್ನು ಒಲೆ ಪಕ್ಕ ನಿಂತೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಈಗ ಕೂತು ತಿನ್ನುತ್ತಾರೆ.

"21 ದಿನ ಮಾಡಿದ್ರೆ ಅಭ್ಯಾಸ ಆಗುತ್ತಂತಲ್ಲ?" ಅಂತ ಕೇಳಿದರು. ಆ ಲೆಕ್ಕ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿದಾಗ ಸರಾಸರಿ 66 ದಿನ ಬಂತು, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ ಇತ್ತು. ಇವರಿಗೆ ಮುಖ್ಯವಾಗಿದ್ದು ಇನ್ನೊಂದು ವಿಷಯ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಏಟೇನೂ ಬಿದ್ದಿರಲಿಲ್ಲ. ಅದನ್ನು ಕೇಳಿ ನಕ್ಕರು, ಫ್ರಿಜ್ ಮೇಲಿದ್ದ ಪಟ್ಟಿ ಆ ವಾರವೇ ಕಸಕ್ಕೆ ಹೋಯಿತಂತೆ.

ನಾಲ್ಕು ತಿಂಗಳ ಮೇಲೆ ಅದೇ ಐದು ಪ್ರಶ್ನೆ ಕೊಟ್ಟಾಗ 56 ಬಂತು, ಹಿಮೋಗ್ಲೋಬಿನ್ 11.4. ಯಾವುದು ಎಷ್ಟು ಸಹಾಯ ಮಾಡಿತು, ಮಾತ್ರೆಯಾ, ನಿದ್ದೆಯಾ, ಗಂಡ ಉಜ್ಜಿದ ಪಾತ್ರೆಯಾ, ಬೇರೆ ಮಾಡಿ ಹೇಳೋಕಾಗಲ್ಲ. ಸಿಡುಕು ಪೂರ್ತಿ ಹೋಗಿಲ್ಲ, ತಿಂಗಳ ಕೊನೆಯಲ್ಲಿ ಅಕೌಂಟ್ಸ್ ಮುಗಿಸುವಾಗ ಈಗಲೂ ಬರುತ್ತದೆ. ಮಳೆಗಾಲದಲ್ಲಿ ನಡಿಗೆ ನಿಂತಿದೆ, ಆಟೋದಲ್ಲೇ ಹೋಗುತ್ತಿದ್ದಾರೆ. ಮುಂದಿನ ಸಲ ಮಗನನ್ನು ಕರೆದುಕೊಂಡು ಬರುತ್ತಾರಂತೆ, ಅವನು ರಾತ್ರಿ ಎರಡಾದರೂ ಮಲಗಲ್ವಂತೆ.